ಗಾಡಿ ಕೆಟ್ಟಿತ್ತೋ, ಹುಡುಗ ಕೆಟ್ಟಿದ್ದನೋ?

ನಿವೃತ್ತನಾಗಿ ಬಹಳ ವರ್ಷಗಳಾದರೂ ಊರವರ ಅರ್ಜಿ ಬರೆಯುವ ಕೆಲಸ ನನ್ನನ್ನು ಬಿಟ್ಟಿಲ್ಲ. ಉತಾರದಲ್ಲಿ ಹೆಸರು ತಪ್ಪಾದವರು, ಮಗಳ ವಿದ್ಯಾರ್ಥಿವೇತನ ಬಾರದವರು, ಕರೆಂಟ್ ಬಿಲ್ಲು ಎರಡು ಪಟ್ಟು ಬಂದವರು, ಎಲ್ಲರೂ ಸಂಜೆ ಹೊತ್ತಿಗೆ ನಮ್ಮ ಕಟ್ಟೆಗೆ ಬಂದು ಕೂಡುತ್ತಾರೆ. ಹೋದ ತಿಂಗಳು ಬಂದವರು ಒಬ್ಬ ಅಪ್ಪ ಮತ್ತು ಅವನ ಮಗ. ಅಪ್ಪ ಕಬ್ಬು ಬೆಳೆಯುವವನು. ಮಗ ಸಂಕೇಶ್ವರದಲ್ಲಿ ಕಾಲೇಜು ಎರಡನೇ ವರ್ಷ ಓದುತ್ತಾನೆ.

“ಸರ, ಒಂದು ಕಡಕ್ ಅರ್ಜಿ ಬರದು ಕೊಡ್ರಿ” ಎಂದ ಅಪ್ಪ. “ಹೊಸಾ ಗಾಡಿ. ನಾಲ್ಕ ತಿಂಗಳಾತು. ನಡಕೊಂತ ನಡಕೊಂತ ಟಕ್ ಅಂತ ಬಂದ್ ಬೀಳತೈತಿ. ನಾಲ್ಕ ಸಲ ಶೋರೂಮಿಗೆ ಒಯ್ದೀವಿ. ಅಲ್ಲಿ ಒಯ್ದಾಗ ಚಲೋ ಇರತೈತಿ. ಮನಿಗಿ ಬಂದ ಮ್ಯಾಲ ಮತ್ತ ಅದ ರಾಗ.”

“ಶೋರೂಮಿನವರು ಏನಂತಾರ?”

ಅಪ್ಪ ಮಗನ ಕಡೆ ನೋಡಿದ. “ಗಾಡಿಗೆ ಏನೂ ಆಗಿಲ್ಲ, ನಿಮ್ಮ ಹುಡುಗ ಸರಳ ಓಡಸಂಗಿಲ್ಲ ಅಂತಾರ್ರಿ. ನನಗೂ ಹಂಗ ಅನಸಾಕತ್ತೈತಿ.”

ಹುಡುಗ ಏನೂ ಮಾತಾಡಲಿಲ್ಲ. ಚಪ್ಪಲಿಯ ತುದಿಯಿಂದ ಮಣ್ಣು ಕೆದರುತ್ತ ನಿಂತ. ಅವನು ನಿಂತ ರೀತಿ ನೋಡಿ ನನ್ನ ಎದೆಯಲ್ಲಿ ಹಳೆಯದೊಂದು ಮುಳ್ಳು ಚುಚ್ಚಿದಂತಾಯಿತು. ಹಾಗೆ ತಲೆ ತಗ್ಗಿಸಿ ನಿಂತ ಇನ್ನೊಬ್ಬ ಹುಡುಗನನ್ನು ನಾನು 1997ರಲ್ಲಿ ನಮ್ಮ ಮನೆಯ ಅಂಗಳದಲ್ಲಿಯೇ ನೋಡಿದ್ದೆ. ಅವನು ನನ್ನ ಮಗ.

ಆ ಕಥೆ ಹೇಳುವ ಮೊದಲು ನನ್ನ ಹಳೆಯ ಎಜ್ದಿಯ ಬಗ್ಗೆ ಎರಡು ಮಾತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1961ರಿಂದ ಅಲ್ಲಿ ಮೊದಲು ಜಾವಾ, ಆಮೇಲೆ ಎಜ್ದಿ ಎಂಬ ಹೆಸರಿನಲ್ಲಿ ಮೋಟಾರ್ ಸೈಕಲ್ ತಯಾರಾದವು. 1996ರಲ್ಲಿ ಅದರ ಬಾಗಿಲು ಮುಚ್ಚಿತು. ಎರಡು ಸೈಲೆನ್ಸರು, ಇನ್ನೂರೈವತ್ತು ಸಿಸಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಗೇರು ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಹೊಸದಾಗಿ ಹತ್ತಿದವರು ಇದನ್ನು ಕಂಡು ಕಕ್ಕಾಬಿಕ್ಕಿಯಾಗುತ್ತಿದ್ದರು. ನಾನು ಸೆಕೆಂಡ್ ಹ್ಯಾಂಡ್ ಕೊಂಡಿದ್ದ ಎಜ್ದಿಗೆ ಕಾಯಿಲೆಗಳು ಬೇಕಾದಷ್ಟಿದ್ದವು. ಆದರೆ ಅವು ನೇರ ಕಾಯಿಲೆಗಳು. ಪಾಯಿಂಟ್ ಸವೆದರೆ ಕಿಡಿ ಬರುತ್ತಿರಲಿಲ್ಲ. ಆಯಿಲ್ ಹೆಚ್ಚು ಬೆರೆಸಿದರೆ ಪ್ಲಗ್ಗು ಕಪ್ಪಾಗುತ್ತಿತ್ತು. ಮರಳು ಕಾಗದದ ತುಂಡು, ಪ್ಲಗ್ ಪಾನಾ, ಒಂದು ಚಿಂದಿ ಬಟ್ಟೆ ಜೊತೆಗಿದ್ದರೆ ಎಲ್ಲಿ ನಿಂತರೂ ಮನೆ ಮುಟ್ಟಬಹುದಿತ್ತು. ಹೀಗಾಗಿ ಮೋಟಾರ್ ಸೈಕಲ್ ವಿಷಯದಲ್ಲಿ ನನಗೆಲ್ಲ ಗೊತ್ತು ಎಂಬ ಜಂಭ ನನ್ನ ತಲೆಗೇರಿತ್ತು. ಮೇಲಾಗಿ ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ.

ಮಗ ಪದವಿಗೆಂದು ನಿಪ್ಪಾಣಿಯ ಕಾಲೇಜು ಸೇರಿದ. ಸೊಸೈಟಿಯಲ್ಲಿ ಸಾಲ ಮಾಡಿ ಅವನಿಗೊಂದು ನೂರು ಸಿಸಿಯ ಹೊಸ ಗಾಡಿ ಕೊಡಿಸಿದೆ. ಯಾವ ಕಂಪನಿಯದು, ಯಾವ ಊರಿನ ಡೀಲರು ಎಂಬುದು ಈಗ ಬೇಡ. ಫೋರ್ ಸ್ಟ್ರೋಕ್ ಗಾಡಿ, ಆಯಿಲ್ ಬೆರೆಸುವ ಗೋಜಿಲ್ಲ, ಒಂದು ಲೀಟರಿಗೆ ಅರವತ್ತು ಕಿಲೋಮೀಟರ್ ದಾಟುತ್ತದೆ ಎಂದು ಇಡೀ ಓಣಿಗೆ ಹೇಳಿಕೊಂಡು ತಿರುಗಿದವನೂ ನಾನೇ.

ನಮ್ಮ ಕಣಗಲಾ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ಊರು. ಇಲ್ಲಿಂದ ನಿಪ್ಪಾಣಿಗೆ ಹೋಗುವಾಗ ತವಂದಿ ಘಾಟ್ ಇಳಿಯಬೇಕು. ಬರುವಾಗ ಏರಬೇಕು. ಈಗ ರಸ್ತೆ ಅಗಲವಾಗಿದೆ. ಆಗ ಎರಡು ವಾಹನ ಎದುರುಬದಿರಾದರೆ ಮುಗಿಯಿತು. ಮುಂದೆ ಲಾರಿ, ಹಿಂದೆ ಲಾರಿ. ಅಂಥ ಏರಿನಲ್ಲಿ ಗಾಡಿ ತಾನಾಗಿ ಬಂದ್ ಬಿದ್ದರೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೇ ತಿಂಗಳಲ್ಲಿ ಅದು ಶುರುವಾಯಿತು. ಸಂಜೆ ಐದಕ್ಕೆ ಬರಬೇಕಾದ ಹುಡುಗ ಆರೂವರೆಗೆ ಬಂದ. “ಘಾಟಿನ್ಯಾಗ ಗಾಡಿ ನಿಂತಿತ್ತಪ್ಪಾ” ಎಂದ. ನಾನು ಅಲ್ಲಿಯೇ ಕಿಕ್ ಹೊಡೆದೆ. ಒಂದೇ ಹೊಡೆತಕ್ಕೆ ಚಾಲೂ. ಪ್ಲಗ್ ಬಿಚ್ಚಿ ನೋಡಿದೆ, ಕಾಫಿ ಪುಡಿಯ ಬಣ್ಣ. ಎಂಜಿನ್ನು ಆರೋಗ್ಯವಾಗಿದ್ದರೆ ಅದೇ ಬಣ್ಣ ಇರಬೇಕು. ಎರಡು ದಿನ ಬಿಟ್ಟು ಮತ್ತೆ ಅದೇ ದೂರು. ಡೀಲರ ಬಳಿ ಒಯ್ದೆವು. ಅವರು ಕಾರ್ಬೊರೇಟರ್ ತೊಳೆದರು, ಹೊಸ ಪ್ಲಗ್ ಹಾಕಿ ದುಡ್ಡು ತೆಗೆದುಕೊಂಡರು. ಹದಿನೈದು ದಿನ ಏನೂ ತೊಂದರೆ ಇಲ್ಲ. ಮುಂದಿನ ತಿಂಗಳು ಮತ್ತೆ. ಮತ್ತೆ ಒಯ್ದೆವು, ಮತ್ತೆ ಪ್ಲಗ್ಗು, ಮತ್ತೆ ದುಡ್ಡು. ಅಲ್ಲಿಯ ಮೇಸ್ತ್ರಿ ಗಾಡಿ ಹತ್ತಿ ಊರೊಳಗೆ ಒಂದು ಸುತ್ತು ಹೊಡೆದು ಬಂದು, “ಏನೂ ಇಲ್ಲರಿ, ರೇಷ್ಮಿ ಹಂಗ ಐತಿ” ಎನ್ನುವನು.

ಮೂರನೇ ತಿಂಗಳಿಗೆ ನನ್ನ ಕಣ್ಣಿಗೊಂದು ವಿಚಿತ್ರ ಬಿತ್ತು. ಗಾಡಿ ಕೆಡುವುದು ಪ್ರತಿ ತಿಂಗಳ ಮೊದಲ ಎಂಟು–ಹತ್ತು ದಿನ ಮಾತ್ರ! ತಿಂಗಳ ಕೊನೆಗೆ ಎಂದೂ ಕೆಡುವುದಿಲ್ಲ. ಎಲ್ಲಿಯಾದರೂ ತಾರೀಖು ನೋಡಿ ಕೆಡುವ ಎಂಜಿನ್ನುಂಟೇ? ನನ್ನ ಪಗಾರ ಆಗುವುದು ತಿಂಗಳ ಮೊದಲಿಗೆ. ಹುಡುಗನ ಕಿಸೆಯಲ್ಲಿ ನಾಲ್ಕು ಕಾಸು ಬೀಳುವುದೂ ಆಗಲೇ. ಲೆಕ್ಕ ಸರಿಹೋಯಿತು. ನಿಪ್ಪಾಣಿಯಲ್ಲಿ ಸಿನಿಮಾ ಟಾಕೀಸಿದೆ, ಹೋಟೆಲಿವೆ, ಗೆಳೆಯರಿದ್ದಾರೆ. ತಡವಾಗಿ ಬಂದುದಕ್ಕೆ ಗಾಡಿಯ ನೆಪ!

ನಾನೂ ವಿಜ್ಞಾನದ ಮಾಸ್ತರನಲ್ಲವೇ, ಪರೀಕ್ಷೆ ಮಾಡದೆ ತೀರ್ಪು ಕೊಡುವುದು ಸರಿಯಲ್ಲವೆಂದು ಒಂದು ಭಾನುವಾರ ಗಾಡಿ ತೆಗೆದುಕೊಂಡೆ. ತಿಂಗಳ ಕೊನೆ. ಟ್ಯಾಂಕಿಯಲ್ಲಿ ತಳಕ್ಕೆ ಒಂದಿಷ್ಟು ಪೆಟ್ರೋಲ್ ಇತ್ತು, ಮೇಲೊಂದು ಲೀಟರ್ ಹಾಕಿಸಿದೆ. ತವಂದಿ ಘಾಟನ್ನು ಮೂರು ಸಲ ಇಳಿದು ಮೂರು ಸಲ ಏರಿದೆ. ಎಲ್ಲಿಯೂ ನಿಲ್ಲಲಿಲ್ಲ. ಮನೆಗೆ ಬಂದವನೇ ಅಂಗಳದಲ್ಲಿ ಎಲ್ಲರ ಮುಂದೆ ಕೀಲಿ ಕಿಸೆಗೆ ಹಾಕಿಕೊಂಡು ಹೇಳಿದೆ: “ಗಾಡಿ ಕೆಟ್ಟಿಲ್ಲ, ನೀ ಕೆಟ್ಟಿ.”

ಅವನು ಎದುರು ಮಾತಾಡಲಿಲ್ಲ. ಮರುದಿನದಿಂದ ಬಸ್ಸಿನಲ್ಲಿ ಹೋದ. ಅವನ ತಾಯಿ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. “ಹುಡುಗ ಸುಳ್ಳ ಹೇಳೂದು ಎಂದರ ನೋಡೀರೇನ್ರಿ?” ಎಂದಷ್ಟೇ ಕೇಳಿದಳು.

ಹತ್ತು–ಹನ್ನೆರಡು ದಿನ ಕೀಲಿ ನನ್ನ ಬಳಿಯೇ ಇತ್ತು. ಪರೀಕ್ಷೆ ಹತ್ತಿರ ಬಂದಾಗ, ಬಸ್ಸಿಗೆ ಕಾಯುತ್ತ ಅವನ ಹೊತ್ತು ಹಾಳಾಗುತ್ತಿದ್ದುದನ್ನು ನೋಡಲಾಗದೆ ಮರಳಿ ಕೊಟ್ಟೆ. ಸಂಶಯವನ್ನು ಮಾತ್ರ ಬಿಡಲಿಲ್ಲ.

ಇಷ್ಟರಲ್ಲಿ ಪಕ್ಕದ ಓಣಿಯ ಒಬ್ಬರು ನಡುವೆ ಬಂದರು. ನಮ್ಮೂರಲ್ಲಿ 1985ರಿಂದ ಹಿಂದೂಸ್ತಾನ್ ಲ್ಯಾಟೆಕ್ಸ್ ಕಾರ್ಖಾನೆ ಇದೆ. ಈಗ ಅದನ್ನು ಎಚ್‌ಎಲ್‌ಎಲ್ ಲೈಫ್‌ಕೇರ್ ಎನ್ನುತ್ತಾರೆ. ಇವರು ಅಲ್ಲಿ ಯಂತ್ರಗಳ ರಿಪೇರಿ ವಿಭಾಗದಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದವರು. ನನ್ನ ಮಗ ಅವರ ಮುಂದೆ ತನ್ನ ಗೋಳು ತೋಡಿಕೊಂಡಿದ್ದಾನೆ. ಅವರು ಗಾಡಿಯನ್ನು ಮುಟ್ಟಿಯೂ ನೋಡಲಿಲ್ಲವಂತೆ. “ತಮ್ಮಾ, ನಮ್ಮಲ್ಲಿ ಒಂದು ಮಶೀನು ಮ್ಯಾಲಿಂದ ಮ್ಯಾಲ ನಿಂತರ ಮೊದಲ ಪಾನಾ ಹಿಡಿಯೂದಿಲ್ಲ, ರಜಿಸ್ಟರ್ ಹಿಡೀತೀವಿ. ಯಾವಾಗ ನಿಂತತಿ, ನಿಂತಾಗ ಏನೇನ ಇತ್ತು, ಏನ ಮಾಡಿದ ಮ್ಯಾಲ ಚಾಲೂ ಆತು, ಎಲ್ಲಾ ಬರೀಬೇಕು. ಬಂದ್ ಬೀಳದ ದಿನಾನೂ ಬರೀಬೇಕು” ಎಂದು ಹೇಳಿ ಕಳಿಸಿದರಂತೆ. ಆ ಕೊನೆಯ ಮಾತು ನನಗೆ ಇಂದಿಗೂ ಬಹಳ ದೊಡ್ಡದೆನಿಸುತ್ತದೆ. ಕೆಟ್ಟ ದಿನವನ್ನು ಯಾರಾದರೂ ನೆನಪಿಡುತ್ತಾರೆ. ಚೆನ್ನಾಗಿದ್ದ ದಿನವನ್ನು ಬರೆದಿಡುವವರು ಯಾರು?

ಮಗ ಎರಡು ತಿಂಗಳು ಬರೆದ. ನನಗೆ ಗೊತ್ತಾಗಿದ್ದು ಒಂದು ದಿನ ಅವನ ಚೀಲದಿಂದ ಆ ಪಟ್ಟಿ ಕೆಳಗೆ ಬಿದ್ದಾಗ. ನಮ್ಮ ಕಡೆ ನೋಟುಬುಕ್ಕಿಗೆ ಪಟ್ಟಿ ಎನ್ನುತ್ತೇವೆ. ಅದು ಇನ್ನೂ ನನ್ನ ಬಳಿ ಇದೆ. ನಾಲ್ಕು ಸಾಲು ಹಾಗೆಯೇ ಇಳಿಸುತ್ತೇನೆ.

“ಸೋಮವಾರ. ಮುಂಜಾನೆ ಟ್ಯಾಂಕಿ ಫುಲ್ ಮಾಡಿದೆ. ಹೋಗುವಾಗ ತೊಂದರೆ ಇಲ್ಲ. ಸಂಜೆ ಘಾಟ್ ಏರುವಾಗ ನಿಂತಿತು. ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡಿದೆ. ಇತ್ತು. ಮುಚ್ಚಿ ಕಿಕ್ ಹೊಡೆದೆ. ಚಾಲೂ.”

“ಗುರುವಾರ. ಏರುವಾಗ ನಿಂತಿತು. ಈ ಸಲ ಮುಚ್ಚಳ ತೆಗೆಯಲಿಲ್ಲ. ಹನ್ನೆರಡು ಕಿಕ್. ಆಗಲಿಲ್ಲ. ಆಮೇಲೆ ಮುಚ್ಚಳ ತೆಗೆದೆ. ಸುಸ್ ಅಂತ ಸಪ್ಪಳ ಬಂತು. ಒಂದೇ ಕಿಕ್ಕಿಗೆ ಚಾಲೂ.”

“ತಾರೀಖು 24. ಪೆಟ್ರೋಲ್ ಸ್ವಲ್ಪ ಇದೆ. ಏರುವಾಗ ತೊಂದರೆ ಇಲ್ಲ.”

“ತಾರೀಖು 26. ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಏರಿದೆ. ಪೆಟ್ರೋಲ್ ಸ್ವಲ್ಪ. ತೊಂದರೆ ಇಲ್ಲ.”

ಓದುತ್ತ ಓದುತ್ತ ನನ್ನ ಕೈ ತಣ್ಣಗಾಯಿತು. ತಿಂಗಳ ಮೊದಲ ವಾರ ಎಂದರೆ ಹುಡುಗನ ಕಿಸೆ ತುಂಬಿದ ವಾರ ಎಂದು ನಾನು ತಿಳಿದಿದ್ದೆ. ಅದು ಗಾಡಿಯ ಟ್ಯಾಂಕಿ ತುಂಬಿದ ವಾರವೂ ಆಗಿತ್ತು! ಪಗಾರ ಬಂದ ದಿನ ಫುಲ್ ಮಾಡಿಸಿ ಕೊಡುತ್ತಿದ್ದವನು ನಾನೇ. ತಿಂಗಳು ಕಳೆದಂತೆ ಅರ್ಧ ಲೀಟರು, ಒಂದು ಲೀಟರು ಹಾಕಿಸಿ ನಡೆಸುವುದು ನಮ್ಮ ಸಂಸಾರದ ರೀತಿ. ನಾನು ಕಂಡದ್ದು ನಿಜ, ಕಟ್ಟಿದ ಕಾರಣ ಸುಳ್ಳು. ನನ್ನ ಭಾನುವಾರದ ಪರೀಕ್ಷೆಯ ಗತಿಯೂ ಅಷ್ಟೇ. ರಸ್ತೆ ಅದೇ, ಗಾಡಿ ಅದೇ, ಏರೂ ಅದೇ. ಪೆಟ್ರೋಲ್ ಮಾತ್ರ ಬೇರೆ. ಡೀಲರ ಬಳಿ ನಾವು ಒಯ್ಯುತ್ತಿದ್ದುದು ಭಾನುವಾರ ಬಿಡುವು ನೋಡಿ, ತಿಂಗಳ ನಡುವೆ. ಅವರು ಓಡಿಸುತ್ತಿದ್ದುದು ಊರೊಳಗಿನ ಸಪಾಟು ರಸ್ತೆಯಲ್ಲಿ. ಹಾಗೆ ಓಡಿಸಿದರೆ ಆ ಗಾಡಿ ಹತ್ತು ವರ್ಷವಾದರೂ ನಿಲ್ಲುತ್ತಿರಲಿಲ್ಲ.

ಇಷ್ಟಾದರೂ ಕಾರಣ ನನಗೆ ಹೊಳೆಯಲಿಲ್ಲ ಎಂದರೆ ನಂಬುತ್ತೀರಾ? ಸಂಕೇಶ್ವರದಲ್ಲಿ ರಸ್ತೆ ಬದಿ ತಗಡಿನ ಡಬ್ಬದಂಥ ಗ್ಯಾರೇಜು ಇಟ್ಟುಕೊಂಡಿದ್ದ ಒಬ್ಬ ಮೇಸ್ತ್ರಿಗೆ ಮಗ ಆ ಪಟ್ಟಿ ಓದಿ ಹೇಳಿದ. ನಾನೂ ಜೊತೆಗಿದ್ದೆ. “ಸುಸ್ ಅಂತ ಸಪ್ಪಳ” ಎಂಬಲ್ಲಿಗೆ ಬಂದಾಗ ಅವನು ಬೀಡಿ ಕೆಳಗಿಟ್ಟು ನಕ್ಕ. “ಮಾಸ್ತರ್ರ, ನೀವು ಅಂಗಡ್ಯಾಗ ಎಣ್ಣಿ ಡಬ್ಬಿ ಒಡಿಯೂದು ನೋಡಿಲ್ಲೇನ್ರಿ? ಒಂದ ತೂತ ಹೊಡದರ ಎಣ್ಣಿ ಬರತೈತೇನು? ಇನ್ನೊಂದು ಗಾಳಿಗೆ ಬೇಕಲ್ರಿ!”

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಎಂಟನೆಯ ಇಯತ್ತೆಯ ಮಕ್ಕಳ ಮುಂದೆ ನೀರು ತುಂಬಿದ ಗ್ಲಾಸಿನ ಮೇಲೆ ರಟ್ಟು ಇಟ್ಟು ಬೋರಲು ಹಾಕಿ, ನೋಡಿರಿ ಮಕ್ಕಳೇ, ಗಾಳಿಯ ಒತ್ತಡ ಹೇಗೆ ನೀರನ್ನು ಹಿಡಿದು ನಿಲ್ಲಿಸಿದೆ ಎಂದು ಹೇಳುತ್ತ ಬಂದವನು!

ಮೇಸ್ತ್ರಿ ಟ್ಯಾಂಕಿಯ ಮುಚ್ಚಳ ತೆಗೆದು ಬಾಯಿಗಿಟ್ಟು ಊದಿದ. ಗಾಳಿ ಹೋಗಲೊಲ್ಲದು. ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ಒಂದು ದಾರಿ ಇರುತ್ತದೆ. ಪೆಟ್ರೋಲ್ ಕೆಳಗಿಳಿದಂತೆ ಹೊರಗಿನ ಗಾಳಿ ಅದರಿಂದ ಒಳಗೆ ಬರಬೇಕು. ಒಳಗಿನ ರಬ್ಬರ್ ವಾಶರು ಜರುಗಿ ಆ ದಾರಿಯ ಮೇಲೆ ಕೂತಿತ್ತು. ಕಾರ್ಖಾನೆಯಲ್ಲಿ ಕೂರಿಸುವಾಗಲೇ ಹಾಗೆ ಕೂತಿತ್ತೆಂದು ಅವನ ಅಂದಾಜು. ಪೂರ್ತಿ ಮುಚ್ಚಿರಲಿಲ್ಲ, ಹನಿ ಹನಿಯಾಗಿ ಗಾಳಿ ಬರುತ್ತಿತ್ತು. ಇಳಿಜಾರಿನಲ್ಲಿ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೇಡ, ಅಷ್ಟು ಗಾಳಿ ಸಾಕು. ಏರಿನಲ್ಲಿ ಸಾಲದು.

ಟ್ಯಾಂಕಿ ತುಂಬಿದಾಗಲೇ ಯಾಕೆ ನಿಲ್ಲಬೇಕು? ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ಬಾಯ್ಲನ ನಿಯಮದಿಂದ ಲೆಕ್ಕ ಮಾಡಿ ನೋಡಬಹುದು. ಟ್ಯಾಂಕಿ ಬಹುತೇಕ ಖಾಲಿ ಇದೆ, ಒಳಗೆ ಎಂಟು ಲೀಟರ್ ಗಾಳಿ ಇದೆ ಎಂದಿಟ್ಟುಕೊಳ್ಳಿ. 200 ಮಿಲಿಲೀಟರ್ ಪೆಟ್ರೋಲ್ ಕೆಳಗಿಳಿದರೆ ಎಂಟು ಲೀಟರಿನ ಗಾಳಿ 8.2 ಲೀಟರಿಗೆ ಹಿಗ್ಗಬೇಕು. ಒತ್ತಡ ನೂರರಲ್ಲಿ ಎರಡೂವರೆ ಭಾಗದಷ್ಟು ಇಳಿದೀತು. ಟ್ಯಾಂಕಿ ತುಂಬಿದ್ದು, ಮೇಲೆ ಅರ್ಧ ಲೀಟರ್ ಗಾಳಿ ಮಾತ್ರ ಇದ್ದರೆ? ಅದೇ 200 ಮಿಲಿಲೀಟರಿಗೆ ಅರ್ಧ ಲೀಟರಿನ ಗಾಳಿ 0.7 ಲೀಟರಿಗೆ ಹಿಗ್ಗಬೇಕು. ಒತ್ತಡ ನೂರಕ್ಕೆ ಇಪ್ಪತ್ತೆಂಟು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಪೆಟ್ರೋಲಿನ ಆವಿ, ಸಂದಿಯಿಂದ ನುಸುಳುವ ಗಾಳಿ ಇವನ್ನೆಲ್ಲ ಸೇರಿಸಿದರೆ ಅಂಕಿ ಬದಲಾಗುತ್ತವೆ, ಆದರೆ ಯಾವುದು ಮೊದಲು ನಿಲ್ಲುತ್ತದೆ ಎಂಬುದು ಬದಲಾಗುವುದಿಲ್ಲ. ಕಾರ್ಬೊರೇಟರ್ ಗಾಡಿಯಲ್ಲಿ ಪೆಟ್ರೋಲ್ ತನ್ನ ತೂಕದಿಂದಲೇ ಕೆಳಗಿಳಿಯಬೇಕು. ಒಳಗಿನ ಗಾಳಿ ತೆಳುವಾದರೆ ಅದು ಮೇಲೆಯೇ ನಿಂತುಬಿಡುತ್ತದೆ. ಮುಚ್ಚಳ ತೆಗೆದ ಕ್ಷಣ ಗಾಳಿ ಒಳಗೆ ನುಗ್ಗಿ ಎಲ್ಲ ಸರಿ. ಅಂದರೆ ಗಾಡಿ ನಿಂತ ಕೂಡಲೇ ಪೆಟ್ರೋಲ್ ಇದೆಯೇ ಎಂದು ನೋಡುವವನು, ನೋಡುವುದರಿಂದಲೇ ರೋಗವನ್ನು ವಾಸಿ ಮಾಡಿ ಗುರುತೂ ಸಿಗದಂತೆ ಅಳಿಸಿಬಿಡುತ್ತಾನೆ. ಇದು ನನಗೆ ಪತ್ತೇದಾರಿ ಕಾದಂಬರಿಗಿಂತ ಸೊಗಸಾಗಿ ಕಾಣುತ್ತದೆ.

ಡೀಲರು ಹೊಸ ಮುಚ್ಚಳ ಹಾಕಿಕೊಟ್ಟರು. ದುಡ್ಡು ಕೇಳಲಿಲ್ಲ. ಎರಡು ಪ್ಲಗ್ಗಿನ ದುಡ್ಡು ಮರಳಿ ಕೊಡಲೂ ಇಲ್ಲ. ಮಗನ ಮುಂದೆ ನಾನು ಏನು ಹೇಳಿದೆ ಎಂದು ಕೇಳುತ್ತೀರಿ. ಏನೂ ಹೇಳಲಾಗಲಿಲ್ಲ. ಮರುತಿಂಗಳು ಪಗಾರದ ದಿನ ಟ್ಯಾಂಕಿ ತುಂಬಿಸಿ, ಅವನ ಹಿಂದೆ ಕೂತು ತವಂದಿ ಘಾಟ್ ಏರಿದೆ. ಆ ದಿನದ ಸಾಲನ್ನು ಪಟ್ಟಿಯಲ್ಲಿ ನಾನೇ ಬರೆದೆ: “ಟ್ಯಾಂಕಿ ಫುಲ್. ಇಬ್ಬರು. ತೊಂದರೆ ಇಲ್ಲ.”

ಈಗ ಹೋದ ತಿಂಗಳು ಬಂದ ಅಪ್ಪ–ಮಗನ ಕಡೆ ಬರೋಣ. ಇಂದಿನ ಗಾಡಿಗಳು ಬೇರೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ಕಾರ್ಬೊರೇಟರ್ ಬಹುಮಟ್ಟಿಗೆ ಹೋಗಿ ಪೆಟ್ರೋಲನ್ನು ಪಂಪು ಒತ್ತಿ ಚಿಮುಕಿಸುವ ವ್ಯವಸ್ಥೆ ಬಂದಿದೆ. ಟ್ಯಾಂಕಿಯ ಆವಿ ಹೊರಗೆ ಹೋಗದಂತೆ ಒಂದು ನಳಿಕೆಯ ಮೂಲಕ ಇದ್ದಲಿನ ಡಬ್ಬಿಗೆ ಹಾಯಿಸುತ್ತಾರೆ. ಆ ನಳಿಕೆ ಎಲ್ಲಿಯಾದರೂ ಮಡಚಿಕೊಂಡರೆ ಇಂದಿಗೂ ನನ್ನ ಮಗನ ಗಾಡಿಯ ಕಥೆಯೇ. ಬಂಕಿನಲ್ಲಿ ಟ್ಯಾಂಕಿಯ ಕುತ್ತಿಗೆಯವರೆಗೆ ತುಂಬಿಸುವ ಚಟವನ್ನು ಈ ಕಾರಣಕ್ಕಾದರೂ ಬಿಡಬೇಕು, ಪೆಟ್ರೋಲ್ ಆ ಡಬ್ಬಿಗೆ ಹೋಗುತ್ತದೆ. ಇನ್ನು ಸೈಡ್ ಸ್ಟ್ಯಾಂಡಿನ ಸ್ವಿಚ್ಚು, ಬ್ಯಾಟರಿಯ ಸಡಿಲ ತಿರುಪು, ಎಲ್ಲೋ ಉಜ್ಜಿದ ವೈರು, ಗಾಡಿಯನ್ನು ನಿಲ್ಲಿಸಲು ಕಾರಣ ನೂರಿವೆ.

ಹೊಸ ಗಾಡಿಯಲ್ಲಿ ದೋಷ ಇರಲಾರದು ಎನ್ನುವವರಿಗೆ ಒಂದು ಉದಾಹರಣೆ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ತನ್ನ 2,36,966 ಮೋಟಾರ್ ಸೈಕಲ್‌ಗಳನ್ನು ಪರೀಕ್ಷೆಗೆ ಮರಳಿ ಕರೆಯಿತು. ಕ್ಲಾಸಿಕ್, ಬುಲೆಟ್, ಮೀಟಿಯರ್ ಎಲ್ಲವೂ ಅದರಲ್ಲಿದ್ದವು. ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ನಲ್ಲಿ ದೋಷ. ಎಂಜಿನ್ನು ಮುಗ್ಗರಿಸಬಹುದು, ಶಕ್ತಿ ಕುಗ್ಗಬಹುದು, ಅಪರೂಪಕ್ಕೆ ಶಾರ್ಟ್ ಸರ್ಕಿಟ್ಟೂ ಆಗಬಹುದು ಎಂದು ಕಂಪನಿಯೇ ಹೇಳಿತು. ತಮ್ಮ ಒಳಗಿನ ಪರೀಕ್ಷೆಯಲ್ಲಿ ಕಂಡುಬಂತು ಎಂದು ಒಪ್ಪಿಕೊಂಡು ಕರೆದದ್ದು ಮೆಚ್ಚುವಂಥ ಮಾತು. ಏಳು ದೇಶಗಳಿಗೆ ಹೋದ ಗಾಡಿಗಳಲ್ಲಿಯೇ ಹೀಗಾಗುತ್ತದೆ ಎಂದ ಮೇಲೆ ನಮ್ಮೂರ ಹುಡುಗನ ಗಾಡಿಯಲ್ಲಿ ಒಂದು ವೈರು ಸಡಿಲ ಇರಲಾರದೇ?

ಹುಡುಗ ಮೊಬೈಲು ತೆಗೆದು, “ಸರ, ವಿಡಿಯೋ ಮಾಡೀನ್ರಿ” ಎಂದ. ನೋಡಿದೆ. ನಿಂತ ಗಾಡಿ. ನಿಂತ ಗಾಡಿಯ ವಿಡಿಯೋದಲ್ಲಿ ನಿಂತ ಗಾಡಿಯೇ ಕಾಣುತ್ತದೆ. ನಿಲ್ಲುವುದಕ್ಕೆ ಮೊದಲು ಏನಾಯಿತು, ಹಿಂದಿನ ದಿನ ಯಾಕೆ ನಿಲ್ಲಲಿಲ್ಲ, ಅದರಲ್ಲಿ ಬರುವುದಿಲ್ಲ.

ಅಪ್ಪ ನಾಲ್ಕು ಜಾಬ್ ಕಾರ್ಡ್ ತಂದಿದ್ದ. ನಾಲ್ಕರಲ್ಲಿಯೂ “ಜನರಲ್ ಚೆಕಪ್, ವಾಶಿಂಗ್, ಆಯಿಲ್” ಎಂದಿತ್ತು. ಓಡುತ್ತಿರುವಾಗ ಎಂಜಿನ್ ಬಂದ್ ಆಗುತ್ತದೆ ಎಂಬ ಮಾತು ಒಂದರಲ್ಲಿಯೂ ಇಲ್ಲ! ನಾಲ್ಕು ಸಲ ಹೋಗಿ ಬಂದರೂ ಕಾಗದದ ಲೆಕ್ಕದಲ್ಲಿ ಇವರು ಒಮ್ಮೆಯೂ ದೂರು ಕೊಟ್ಟಿಲ್ಲ. ಪಾಲಕರು ಇದನ್ನು ಗಟ್ಟಿಯಾಗಿ ಹಿಡಿಯಬೇಕು. ಕೌಂಟರಿನಲ್ಲಿ ಬಾಯಿಂದ ಹೇಳಿದ್ದು ಅಲ್ಲಿಯೇ ಆರಿಹೋಗುತ್ತದೆ. ನಮ್ಮ ಮಾತನ್ನು ನಮ್ಮ ಮಾತಿನಲ್ಲಿಯೇ ಜಾಬ್ ಕಾರ್ಡಿನಲ್ಲಿ ಬರೆಸಬೇಕು. ಬರೆದದ್ದನ್ನು ಓದಿದ ಮೇಲೆ ಸಹಿ. ಮರಳಿ ತರುವಾಗ ಏನು ಪರೀಕ್ಷಿಸಿದರು, ಏನು ಬದಲಿಸಿದರು ಎಂಬುದನ್ನೂ ಬರೆಸಿಕೊಂಡೇ ಬರಬೇಕು. ಅದರ ನಕಲು ಮನೆಯಲ್ಲಿರಲಿ. ದೋಷ ಏನೂ ಕಾಣಲಿಲ್ಲ ಎಂದರೆ ಅದನ್ನೂ ಬರೆದು ಕೊಡಲಿ.

ಇದೇ ಕಾಗದ ಮುಂದೆ ಗ್ರಾಹಕರ ಆಯೋಗದಲ್ಲಿ ಮಾತಾಡುವುದು. 1986ರ ಡಿಸೆಂಬರ್ 24ರಂದು ಅಂಕಿತ ಬಿದ್ದ ಹಳೆಯ ಗ್ರಾಹಕ ಕಾಯ್ದೆಯ ಜಾಗದಲ್ಲಿ ಈಗ 2019ರ ಕಾಯ್ದೆ ಇದೆ. 2020ರ ಜುಲೈ 20ರಿಂದ ಜಾರಿಗೆ ಬಂತು. ನಮ್ಮಂಥ ಹಳ್ಳಿಯವರಿಗೆ ಅದರಲ್ಲಿ ಒಂದು ಉಪಕಾರವಾಗಿದೆ. ಗಾಡಿ ಎಲ್ಲಿ ಕೊಂಡರೂ ನಾವು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ನಮಗೆ ಬೆಳಗಾವಿಯಲ್ಲಿಯೇ, ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಕಂಪನಿಗೆ ಸುದ್ದಿ ಮುಟ್ಟಿಸುತ್ತಾರೆ. ಪರೀಕ್ಷೆ ಮಾಡದೆ ದೋಷ ತಿಳಿಯದು ಎಂದಾದರೆ ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ.

ಆದರೆ “ಹೊಸಾ ಗಾಡೀನ ಕೊಡಸ್ರಿ” ಎಂಬ ಆಸೆಗೆ ಮಿತಿ ಬೇಕು. 2006ರಲ್ಲಿ ಒಂದು ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಾರಂಟಿಯ ಷರತ್ತು ಕೆಟ್ಟ ಭಾಗವನ್ನು ಬದಲಿಸುವಷ್ಟಕ್ಕೇ ಇದ್ದಾಗ ಇಡೀ ವಾಹನ ಬದಲಿಸಿಕೊಡಿ ಎನ್ನಲಾಗದು ಎಂದಿತು. ಪಟ್ಟ ತೊಂದರೆಗೆ ಪರಿಹಾರ ಕೊಡಿಸಿತು. ಆದ್ದರಿಂದ ಯಾವ ಭಾಗ, ಯಾವಾಗ, ಹೇಗೆ ಕೆಡುತ್ತದೆ ಎಂಬುದು ಕೈಯಲ್ಲಿರಬೇಕು. ಸಿಟ್ಟೊಂದೇ ಇದ್ದರೆ ಏನೂ ನಡೆಯದು.

“ಅರ್ಜಿ ಹದಿನೈದು ದಿನ ಬಿಟ್ಟು ಬರೆಯೋಣ” ಎಂದೆ. ಅಪ್ಪನಿಗೆ ನಿರಾಸೆಯಾಯಿತು. ಹುಡುಗನ ಕೈಗೆ ನನ್ನ ಮಗನ ಹಳೆಯ ಪಟ್ಟಿ ಕೊಟ್ಟು, “ಇದನ್ನ ಓದಿ, ನೀನೂ ಹಿಂಗ ಬರಕೊಂಡ ಬಾ” ಎಂದು ಕಳಿಸಿದೆ.

ಹದಿನೈದು ದಿನ ಬಿಟ್ಟು ಇಬ್ಬರೂ ಬಂದರು. ಹುಡುಗ ಚೆನ್ನಾಗಿ ಬರೆದಿದ್ದ. ಒಟ್ಟು ಐದು ಸಲ ಬಂದ್ ಬಿದ್ದಿದೆ. ಒಮ್ಮೆ ಕಾಲೇಜು ಗೇಟಿನ ಮುಂದೆ, ಎರಡು ಸಲ ಪೇಟೆಯ ತಿರುವಿನಲ್ಲಿ, ಎರಡು ಸಲ ತಮ್ಮ ಓಣಿಗೆ ಹೊರಳುವಾಗ. ಹೆದ್ದಾರಿಯಲ್ಲಿ ಒಮ್ಮೆಯೂ ಇಲ್ಲ. ಶೋರೂಮಿನವರು ಓಡಿಸಿ ನೋಡುವುದು ಹೆದ್ದಾರಿಯಲ್ಲಿಯೇ.

ಪುಣೆಯಲ್ಲಿ ಕೆಲಸದಲ್ಲಿರುವ ನನ್ನ ಮಗ ಆ ವಾರ ಊರಿಗೆ ಬಂದಿದ್ದ. ಒಳಗಿನಿಂದ ಬಂದು ಪಟ್ಟಿ ತಿರುವಿ ಹಾಕಿದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ತಮ್ಮಾ, ಬಂದ್ ಬಿದ್ದಾಗ ಹ್ಯಾಂಡಲ್ ಯಾವ ಕಡೆ ತಿರಗಿತ್ತು? ಅದನ್ನ ಬರದಿಲ್ಲಲ್ಲ.”

ಹುಡುಗ ಯೋಚಿಸತೊಡಗಿದ. ಅವನಿಗೆ ನೆನಪಾಗಲಿಲ್ಲ.

ಕಟ್ಟೆಯ ತುದಿಗೆ ಕೂತಿದ್ದ ಅಪ್ಪ ಮೆಲ್ಲಗೆ ಕೆಮ್ಮಿದ. “ಎಡಕ್ಕರಿ” ಎಂದ. “ಓಣಿಗಿ ಹೊರಳುವಾಗ ಎರಡೂ ಸಲ ಎಡಕ್ಕ ತಿರಗಿತ್ತು. ನಾ ಹಿಂದ ಕುಂತಿದ್ನಿ.”

ನಾನು ಕನ್ನಡಕ ಹಾಕಿಕೊಂಡು ಅರ್ಜಿ ಬರೆಯಲು ಕಾಗದ ತೆಗೆದುಕೊಂಡೆ. ಹ್ಯಾಂಡಲ್ ಎಡಕ್ಕೆ ತಿರುಗಿದಾಗ ಎಂಜಿನ್ ಬಂದ್ ಆಗುತ್ತದೆ, ಅಲ್ಲಿಯ ವೈರುಗಳನ್ನು ಬಿಚ್ಚಿ ನೋಡಬೇಕು ಎಂಬುದು ಮೊದಲನೆಯ ಸಾಲು. ನೋಡಿದವರು ಇಬ್ಬರು, ಮಗ ಮತ್ತು ತಂದೆ ಎಂಬುದು ಎರಡನೆಯದು.